ಮನೆಯ ಹೆಸರು, ಮನುಷ್ಯನ ಹೆಸರು
(ಕೊಡಗಿನ ಮಲೆಸೀಮೆಯ ಪದ್ಧತಿಯಿಂದ ಒಂದು ಪಾಠ)



ಗುರುತಿಲ್ಲದ ಮನುಷ್ಯನೊಬ್ಬನು ಹಳ್ಳಿಯ ದಾರಿಯಲ್ಲಿ ಎದುರಾದರೆ ನಮ್ಮ ಹಿರಿಯರು ಅವನನ್ನು ಮೊದಲು ಕೇಳುವ ಪ್ರಶ್ನೆ ಯಾವದು? ‘ನಿನ್ನ ಹೆಸರೇನು’ ಎಂಬದಲ್ಲ. ‘ಯಾವ ಊರು, ಯಾರ ಮನೆಯವನು’ ಎಂಬದೇ. ಹೆಸರನ್ನು ಆಮೇಲೆ ಕೇಳುತ್ತಾರೆ; ಕೆಲವು ಸಾರಿ ಕೇಳುವದೇ ಇಲ್ಲ. ಮನೆಯು ತಿಳಿದ ಮೇಲೆ ಮನುಷ್ಯನನ್ನು ತಿಳಿದ ಹಾಗಾಯಿತೆಂದು ಅವರ ಎಣಿಕೆ. ಈ ಎಣಿಕೆಯಲ್ಲಿ ಸತ್ಯವೆಷ್ಟು, ಅನ್ಯಾಯವೆಷ್ಟು ಎಂಬದನ್ನು ಈ ತಿಂಗಳ ಪಾಠದಲ್ಲಿ ನಾವು ಕೂಡಿ ವಿಚಾರಿಸೋಣ. ಮನೆಯ ಹೆಸರನ್ನು ಬಹಳ ಜಾಗ್ರತೆಯಿಂದ ಕಾಪಾಡಿಕೊಂಡು ಬಂದ ಒಂದು ಸೀಮೆಯು ನಮಗೆ ಸಮೀಪದಲ್ಲಿಯೇ ಇದೆ. ಅದು ಕೊಡಗು. ಆದದರಿಂದ ಆ ಮಲೆನಾಡಿನ ಪದ್ಧತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ.

1. ಒಕ್ಕ ಎಂದರೇನು?

ಕೊಡವರಲ್ಲಿ ಒಂದೇ ಮೂಲಪುರುಷನಿಂದ ಗಂಡುಸಂತಾನದ ದಾರಿಯಲ್ಲಿ ಇಳಿದು ಬಂದವರೆಲ್ಲರೂ ಒಂದು ‘ಒಕ್ಕ’ವೆಂದು ಕರೆಯಲ್ಪಡುತ್ತಾರೆ. ಆ ಮೂಲಪುರುಷನಿಗೆ ‘ಕಾರಣವ’ನೆಂದು ಹೆಸರು. ಒಕ್ಕದ ಹಿರಿಯ ಮನೆಯು ‘ಐನ್‌ಮನೆ’. ಗದ್ದೆಯ ಬಯಲಿಗೆ ಮೇಲಾಗಿ ಗುಡ್ಡದ ಮಗ್ಗುಲಲ್ಲಿ ಅದನ್ನು ಕಟ್ಟುತ್ತಿದ್ದರು. ಅದಕ್ಕೆ ಹೋಗುವ ದಾರಿಯು ಎರಡು ಕಡೆಯ ದರೆಗಳ ನಡುವೆ ಓಣಿಯಾಗಿರುತ್ತಿತ್ತು. ಮುಂದುಗಡೆ ಕೆತ್ತಿದ ಮರದ ಕಂಬಗಳ ಜಗಲಿ. ಒಳಗೆ ‘ನೆಲ್ಲಕ್ಕಿ ನಡುಬಾಡೆ’ ಎಂಬ ನಡುಮನೆ. ಅಲ್ಲಿ ತೂಗುವ ದೀಪ. ಮನೆಯ ಹತ್ತಿರ ಕಾರಣವನ ನೆನಪಿಗಾಗಿ ‘ಕೈಮಡ’ ಎಂಬ ಚಿಕ್ಕ ಗುಡಿ ಇರುವದೂ ಉಂಟು.

ಒಕ್ಕದ ಭೂಮಿಯು ಒಬ್ಬನದಲ್ಲ, ಎಲ್ಲರದು. ಹಿರಿಯನಾದ ‘ಪಟ್ಟೇದಾರ’ನು ಅದರ ಯಜಮಾನಿಕೆಯನ್ನು ನೋಡಿಕೊಳ್ಳುತ್ತಿದ್ದನು; ಸರಕಾರದ ಲೆಕ್ಕದಲ್ಲಿ ‘ಜಮ್ಮ’ ಭೂಮಿಯು ಅವನ ಹೆಸರಿನಲ್ಲಿ ನಿಲ್ಲುತ್ತಿತ್ತು. ಆದರೂ ಅವನು ತನ್ನ ಮನಸ್ಸಿಗೆ ಬಂದಂತೆ ಅದನ್ನು ಮಾರುವ ಹಾಗಿರಲಿಲ್ಲ. ಹಬ್ಬಗಳಲ್ಲಿ, ಮುಖ್ಯವಾಗಿ ಹೊಸ ಪೈರಿನ ‘ಪುತ್ತರಿ’ಯಲ್ಲಿ, ಬೇರೆ ಬೇರೆ ಕಡೆ ನೆಲೆಸಿದ ಒಕ್ಕದವರು ಐನ್‌ಮನೆಗೆ ಬಂದು ಕೂಡುತ್ತಾರೆ. ಒಂದೇ ಒಕ್ಕದ ಗಂಡಿಗೂ ಹೆಣ್ಣಿಗೂ ಮದುವೆಯಾಗಕೂಡದು. ಎಷ್ಟು ತಲೆಮಾರು ದಾಟಿದರೂ ಅವರು ಅಣ್ಣತಂಗಿಯರೇ. ಮೈಸೂರಿನ ವಿದ್ವಾಂಸರಾದ ಎಂ. ಎನ್. ಶ್ರೀನಿವಾಸರು 1952ರಲ್ಲಿ ಕೊಡವರ ಮತ ಮತ್ತು ಸಮಾಜವನ್ನು ಕುರಿತು ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲಿ ಈ ಒಕ್ಕವೇ ಅವರ ಬಾಳಿಗೆ ಬುಡವೆಂದು ವಿಸ್ತಾರವಾಗಿ ತೋರಿಸಿದ್ದಾರೆ.

2. ಒಕ್ಕದ ಹೆಸರು

ಈಗ ಹೆಸರಿನ ವಿಷಯಕ್ಕೆ ಬರುತ್ತೇವೆ. ಕೊಡವನ ಪೂರ್ಣ ಹೆಸರಿನಲ್ಲಿ ಒಕ್ಕದ ಹೆಸರು ಮೊದಲು, ತಂದೆಯ ಹೆಸರು ಅದರ ತರುವಾಯ, ಸ್ವಂತ ಹೆಸರು ಕಡೆಯಲ್ಲಿ ಬರುವದು ವಾಡಿಕೆ. 1949ನೆಯ ಇಸವಿ ಜನವರಿ 15ನೆಯ ದಿನದಲ್ಲಿ ಭಾರತದ ಸೈನ್ಯಕ್ಕೆ ಮೊದಲನೆಯ ಭಾರತೀಯ ಮಹಾದಂಡನಾಯಕರಾದವರ ಹೆಸರು ಕೊದಂಡೇರ ಮಾದಪ್ಪ ಕಾರ್ಯಪ್ಪ. ಇದರಲ್ಲಿ ‘ಕೊದಂಡೇರ’ ಎಂಬದು ಒಕ್ಕ, ಮಾದಪ್ಪನವರು ತಂದೆ, ಕಾರ್ಯಪ್ಪ ಎಂಬದೇ ಅವರ ಸ್ವಂತ ಹೆಸರು. 1957ರಿಂದ 1961ರ ವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರೂ ಕೊದಂಡೇರ ಒಕ್ಕದವರೇ. ಹೆಸರನ್ನು ಕೇಳಿದ ಕೂಡಲೆ ಕೊಡಗಿನ ಮುದುಕಿಯೊಬ್ಬಳು ಈ ಇಬ್ಬರೂ ಒಂದೇ ಒಕ್ಕದವರೆಂದು ಹೇಳಿಬಿಡುವಳು. ಯಾವ ಪುಸ್ತಕವನ್ನೂ ನೋಡಬೇಕಾಗಿಲ್ಲ.

ಒಕ್ಕದ ಹೆಸರುಗಳಲ್ಲಿ ಹೆಚ್ಚಿನವು ‘ಅಂಡ’, ‘ಇರ’, ‘ಏರ’ ಎಂಬ ಅಕ್ಷರಗಳಿಂದ ಮುಗಿಯುತ್ತವೆ: ನಡಿಕೇರಿಯಂಡ, ಅಪ್ಪಾರಂಡ, ಚೆಪ್ಪುಡಿರ, ಕೊದಂಡೇರ. ನಮ್ಮ ಕನ್ನಡದಲ್ಲಿ ‘ರಾಮನ’, ‘ಅವರ’ ಎನ್ನುವಲ್ಲಿ ಬರುವ ಷಷ್ಠೀ ವಿಭಕ್ತಿಯ ಕೆಲಸವನ್ನೇ ಕೊಡವ ಭಾಷೆಯಲ್ಲಿ ಈ ಕೊನೆಗಳು ಮಾಡುತ್ತವೆ. ಹಾಗಾದರೆ ಒಕ್ಕದ ಹೆಸರಿನ ಅರ್ಥವೇನು? ‘ಇಂಥವನ’ ಅಥವಾ ‘ಇಂಥವರ’ ಎಂದಷ್ಟೇ. ‘ಇಂಥವನ ಮನೆಯವರು, ಇಂಥವನ ಮಕ್ಕಳು’ ಎಂಬ ಉಳಿದ ಮಾತನ್ನು ಕೇಳುವವನು ತಾನೇ ತುಂಬಿಕೊಳ್ಳಬೇಕು. ಈ ಸೂಕ್ಷ್ಮವನ್ನು ಮನಸ್ಸಿನಲ್ಲಿಡಿರಿ. ಇಂಥ ಹೆಸರನ್ನು ಹೊತ್ತವನು ‘ಇದು ನನ್ನದು’ ಎಂದು ಹೇಳುವದಿಲ್ಲ. ‘ನಾನು ಇವರವನು’ ಎಂದು ಹೇಳುತ್ತಾನೆ.

ಕೊಡಗಿನಲ್ಲಿಯೂ ಸುಳ್ಯದ ಸೀಮೆಯಲ್ಲಿಯೂ ಇರುವ ಅರೆಭಾಷೆಯ ಗೌಡರಲ್ಲಿಯೂ ಹೆಸರಿನ ಮುಂದೆ ಮನೆಯ ಹೆಸರು ನಿಲ್ಲುತ್ತದೆ. ಆದರೆ ಅವರಲ್ಲಿ ಅದು ಅನೇಕ ವೇಳೆ ಮನುಷ್ಯನದಲ್ಲ, ಸ್ಥಳದ್ದು. 1837ರ ದಂಗೆಯಲ್ಲಿ ಮುಂದಾಳಾಗಿದ್ದು ಮಡಿಕೇರಿಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಮನೆಹೆಸರು ಗುಡ್ಡೆಯ ಮೇಲಿನ ಮನೆಯನ್ನು ಸೂಚಿಸುತ್ತದೆ. ಹೀಗೆ ಒಂದೇ ಮಲೆಯಲ್ಲಿ ಒಬ್ಬರು ಪೂರ್ವಜನಿಂದ ಗುರುತನ್ನು ಪಡೆದರು, ಇನ್ನೊಬ್ಬರು ನಿಂತ ನೆಲದಿಂದ ಪಡೆದರು.

3. ಮಗುವಿಗೆ ಹೆಸರಿಡುವದು

ಹಿಂದಿನ ಕಾಲದಲ್ಲಿ ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದ ಕೂಡಲೆ ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಅದರ ಕೈಗೆ ಮುಟ್ಟಿಸಿ, ಅಂಗಳದಲ್ಲಿ ಕೋವಿಯಿಂದ ಒಂದು ಗುಂಡು ಹಾರಿಸುತ್ತಿದ್ದರು. ಸತ್ತಾಗ ಎರಡು ಗುಂಡು. ಕಣಿವೆಯಾಚೆಯ ಮನೆಗಳವರು ಗುಂಡಿನ ಎಣಿಕೆಯಿಂದಲೇ ಹುಟ್ಟೋ ಸಾವೋ ಎಂದು ತಿಳಿದುಕೊಳ್ಳುತ್ತಿದ್ದರು. ಹನ್ನೆರಡನೆಯ ದಿನ ತಾಯಿಯಾಗಲಿ ಅಜ್ಜಿಯಾಗಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುತ್ತಿದ್ದಳು. ಒಕ್ಕದ ಹೆಸರು ಗಂಡಸಿನಿಂದ ಬರುವದಾದರೂ ಮಗುವಿನ ಹೆಸರು ಮೊದಲು ಕೇಳಬರುವದು ಹೆಂಗಸಿನ ಬಾಯಿಂದ.

ಇಡುವ ಹೆಸರುಗಳು ಯಾವವು? ಗಂಡುಮಕ್ಕಳಿಗೆ ಪೊನ್ನಪ್ಪ, ಬೆಳ್ಳಿಯಪ್ಪ, ಮುತ್ತಣ್ಣ, ಪೂವಯ್ಯ, ಕಾವೇರಪ್ಪ, ಸೋಮಯ್ಯ. ಹೆಣ್ಣುಮಕ್ಕಳಿಗೆ ಪೊನ್ನಮ್ಮ, ಮುತ್ತವ್ವ, ನೀಲಮ್ಮ, ಅಕ್ಕಮ್ಮ, ಕಾವೇರಮ್ಮ. ಚಿನ್ನ, ಬೆಳ್ಳಿ, ಮುತ್ತು, ಹೂವು, ಸೀಮೆಯ ಹೊಳೆ, ಇವುಗಳ ಹಿಂದೆ ಅಪ್ಪ, ಅಯ್ಯ, ಅಣ್ಣ, ಅಮ್ಮ, ಅವ್ವ ಎಂಬ ಬಂಧುತ್ವದ ಮಾತು ಸೇರಿದರೆ ಹೆಸರಾಯಿತು. ತೊಟ್ಟಿಲಲ್ಲಿರುವ ಕೂಸನ್ನೂ ‘ಅಪ್ಪ’, ‘ಅವ್ವ’ ಎಂದೇ ಕರೆಯುತ್ತೇವೆ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿಯೂ ಹಾಗೆಯೇ. ಇದರಿಂದ ಮಗುವಿಗೆ ಹುಟ್ಟಿದ ದಿನದಿಂದಲೇ ಒಂದು ಮರ್ಯಾದೆ ಸಲ್ಲುತ್ತದೆ. ಅದು ಮುಂದೆ ಯಾರಿಗಾದರೂ ತಂದೆಯೋ ತಾಯಿಯೋ ಆಗತಕ್ಕದ್ದೆಂಬ ನಿರೀಕ್ಷೆಯೂ ಹೆಸರಿನೊಳಗೆ ಅಡಗಿರುತ್ತದೆ.

ತೀರಿಹೋದ ಅಜ್ಜನ ಅಥವಾ ಅಜ್ಜಿಯ ಹೆಸರನ್ನು ಮೊಮ್ಮಗುವಿಗೆ ಇಡುವದು ಕೊಡಗಿನಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ಹಾಗೆ ಮಾಡಿದಾಗ ಒಂದು ತೊಡಕು ಹುಟ್ಟುತ್ತದೆ. ಮಾವನ ಹೆಸರನ್ನು ಬಾಯಿಂದ ಹೇಳಬಾರದೆಂದು ಸೊಸೆಯು ಕಲಿತಿದ್ದಾಳೆ. ಈಗ ಅದೇ ಹೆಸರಿನ ಮಗನನ್ನು ಅವಳು ಏನೆಂದು ಕೂಗಿ ಕರೆಯಬೇಕು? ಹೀಗಾಗಿ ಮನೆಯೊಳಗೆ ಮುದ್ದಿನ ಹೆಸರೊಂದು ಹುಟ್ಟಿ, ದಾಖಲೆಯ ಹೆಸರು ಶಾಲೆಗೂ ಕಚೇರಿಗೂ ಮಾತ್ರ ಉಳಿಯುತ್ತದೆ. ಅದಲ್ಲದೆ ಹೆಸರುಗಳು ಸ್ವಲ್ಪವೇ ಇದ್ದು ತಲೆಮಾರಿನಿಂದ ತಲೆಮಾರಿಗೆ ತಿರುಗಿ ಬರುವದರಿಂದ ಒಂದೇ ಗ್ರಾಮದಲ್ಲಿ ಹಲವು ಮಂದಿ ಪೊನ್ನಪ್ಪಂದಿರು ಇರುವದು ಸಹಜ. ಅವರನ್ನು ಬೇರೆ ಬೇರೆಯಾಗಿ ಗುರುತಿಸುವದಕ್ಕೆ ಒಕ್ಕದ ಹೆಸರು ಬೇಕೇ ಬೇಕು. ಕೊಡಗನ್ನಾಳಿದ ಹಾಲೇರಿಯ ಅರಸುಗಳಲ್ಲಿಯೂ ಇದೇ ತೊಡಕು. ಅವರು ಕೊಡವರಲ್ಲ, ಲಿಂಗವಂತರು. ಅವರಲ್ಲಿ ವೀರರಾಜೇಂದ್ರನೆಂಬ ಒಂದೇ ಹೆಸರು ದೊಡ್ಡಪ್ಪನಿಗೂ ತಮ್ಮನ ಮಗನಿಗೂ ಬಂದದರಿಂದ ಜನರು ಒಬ್ಬನನ್ನು ‘ದೊಡ್ಡ’ನೆಂದೂ ಇನ್ನೊಬ್ಬನನ್ನು ‘ಚಿಕ್ಕ’ನೆಂದೂ ಕರೆದರು.

4. ಹೆಣ್ಣುಮಕ್ಕಳೂ ಮನೆಯ ಹೆಸರೂ

ಹೆಣ್ಣು ಮದುವೆಯಾದ ಮೇಲೆ ಗಂಡನ ಒಕ್ಕಕ್ಕೆ ಸೇರುತ್ತಾಳೆ. ಇದು ಬರೀ ಮಾತಿನಿಂದ ಆಗುವದಲ್ಲ. ಮದುವೆಯಲ್ಲಿ ‘ಸಮ್ಮಂದ ಕೊಡುವ’ ಶಾಸ್ತ್ರವೊಂದುಂಟು. ಎರಡೂ ಕಡೆಯ ‘ಅರುವ’ರು, ಅಂದರೆ ಒಕ್ಕದ ಪರವಾಗಿ ಮಾತಾಡುವ ಹಿರಿಯರು, ಎದುರೆದುರು ನಿಂತು ಪ್ರಶ್ನೋತ್ತರ ಮಾಡುತ್ತಾರೆ. ಹುಡುಗಿಗೆ ಗಂಡನ ಮನೆಯ ಹಕ್ಕು ಸಲ್ಲುವದೆಂದು ಎಲ್ಲರ ಎದುರಿನಲ್ಲಿ ಒಪ್ಪಿ, ಅದಕ್ಕೆ ಗುರುತಾಗಿ ಚಿಕ್ಕ ಕಲ್ಲುಗಳನ್ನು ಕೈಯಿಂದ ಕೈಗೆ ಕೊಡುತ್ತಾರೆ. ಬರೆದ ಕರಾರಿಲ್ಲದಿದ್ದರೂ ಕೇಳಿದ ಸಾಕ್ಷಿಗಳು ನೂರಾರು ಮಂದಿ ಇರುತ್ತಾರೆ.

ಹಾಗಾದರೆ ಅವಳ ಹುಟ್ಟಿದ ಮನೆಯು ಅಳಿಸಿಹೋಯಿತೋ? ಇಲ್ಲ. ಅದಕ್ಕೆ ‘ತಾಮನೆ’ ಎಂದು ಹೆಸರು. ಮದುವೆಯ ಕಾಗದಗಳಲ್ಲಿಯೂ ಮರಣದ ವರ್ತಮಾನದಲ್ಲಿಯೂ ಇಂಥ ಒಕ್ಕದ ಸೊಸೆ, ತಾಮನೆ ಇಂಥದು ಎಂದು ಹಾಕುವ ರೂಢಿಯನ್ನು ಕೊಡಗಿನಲ್ಲಿ ಕಾಣಬಹುದು. ಇದು ಮೆಚ್ಚತಕ್ಕ ರೂಢಿಯೇ ಸರಿ. ನಮ್ಮ ಅನೇಕ ಹಳ್ಳಿಗಳ ಹಳೇ ಪತ್ರಗಳಲ್ಲಿ ಹೆಂಗಸಿನ ಗುರುತು ‘ಇಂಥವನ ಹೆಂಡತಿ’ ಎಂಬಷ್ಟೇ ಆಗಿರುತ್ತದೆ.

ಗಂಡುಮಕ್ಕಳಿಲ್ಲದೆ ಒಕ್ಕವು ನಿಂತುಹೋಗುವ ಹಾಗಿದ್ದರೆ ಏನು ಮಾಡುವದು? ಅದಕ್ಕೂ ಹಿರಿಯರು ದಾರಿ ಮಾಡಿದ್ದರು. ‘ಮಕ್ಕ ಪರಿಜೆ’ ಎಂಬ ಮದುವೆಯ ಕ್ರಮದಲ್ಲಿ ಮಗಳು ತನ್ನ ಮನೆಯಲ್ಲಿಯೇ ಉಳಿಯುತ್ತಾಳೆ. ಅಳಿಯನು ಅಲ್ಲಿಗೆ ಬರುತ್ತಾನೆ. ಹುಟ್ಟುವ ಮಕ್ಕಳು ತಾಯಿಯ ಒಕ್ಕದ ಹೆಸರನ್ನೇ ಪಡೆಯುತ್ತಾರೆ. ಗಂಡುಸಂತಾನದಿಂದ ಮಾತ್ರವೇ ಮನೆಯು ನಿಲ್ಲುತ್ತದೆಂದು ಬಾಯಲ್ಲಿ ಹೇಳುವ ಜನರು ಕಷ್ಟ ಬಂದಾಗ ಮಗಳ ಕೈಯಲ್ಲಿ ದೀಪವನ್ನು ಕೊಟ್ಟರು. ಘಟ್ಟದ ಕೆಳಗೆ ತುಳುನಾಡಿನ ಅಳಿಯಸಂತಾನದವರಲ್ಲಿಯಾದರೋ ‘ಬಳಿ’ ಎಂಬ ಕುಲನಾಮವು ಯಾವಾಗಲೂ ತಾಯಿಯಿಂದಲೇ ಮಕ್ಕಳಿಗೆ ಬರುತ್ತಿತ್ತು. ಆದಕಾರಣ ಹೆಣ್ಣುಮಕ್ಕಳು ಮಾತ್ರ ಇರುವ ತಂದೆತಾಯಿಗಳು ‘ನಮ್ಮ ಮನೆಯ ಹೆಸರು ಮುಗಿಯಿತು’ ಎಂದು ಹಲುಬಬೇಕಾಗಿಲ್ಲ.

ಇನ್ನೊಂದು ಲೆಕ್ಕವನ್ನು ಮಾಡಿ ನೋಡಿರಿ. ನಿಮಗೆ ತಂದೆತಾಯಿಗಳು ಇಬ್ಬರು, ಅಜ್ಜಅಜ್ಜಿಯರು ನಾಲ್ವರು, ಮುತ್ತಜ್ಜ ಮುತ್ತಜ್ಜಿಯರು ಎಂಟು ಮಂದಿ. ಮನೆಯ ಹೆಸರು ಈ ಎಂಟರಲ್ಲಿ ಒಬ್ಬರ ದಾರಿಯನ್ನು ಮಾತ್ರ ಕಾಯುತ್ತದೆ. ಉಳಿದ ಏಳು ಮಂದಿಯ ರಕ್ತವೂ ಬೆವರೂ ನಿಮ್ಮಲ್ಲಿದ್ದರೂ ಆ ಹೆಸರು ಅವರ ವಿಷಯವಾಗಿ ಏನೂ ಹೇಳುವದಿಲ್ಲ. ಮನೆಯ ಹೆಸರು ಒಳ್ಳೆಯದು, ಆದರೆ ಸಾಲದು ಎಂಬದಕ್ಕೆ ಇದೇ ಮೊದಲನೆಯ ಕಾರಣ.

5. ಹೆಸರು ಬರೆಯಲ್ಪಡದವರು

ಎರಡನೆಯ ಕಾರಣವು ಇದಕ್ಕಿಂತ ಭಾರವಾದದ್ದು. ಐನ್‌ಮನೆಯ ಗದ್ದೆಯನ್ನು ಉತ್ತವರು ಯಾರು? ಒಕ್ಕದವರೂ ದುಡಿಯುತ್ತಿದ್ದರು, ನಿಜ. ಆದರೆ ಅವರ ಕೂಡ ‘ಜಮ್ಮದಾಳು’ಗಳೆಂದು ಭೂಮಿಗೆ ಕಟ್ಟಲ್ಪಟ್ಟ ಜನರು ತಲೆಮಾರು ತಲೆಮಾರಾಗಿ ದುಡಿದರು. ಭೂಮಿಯು ಯಾರದೋ ಆಳೂ ಅವರದೇ ಎಂಬ ಕಾಲವದು. ಜೀತವನ್ನು ನ್ಯಾಯಸ್ಥಾನಗಳು ಮನ್ನಿಸಕೂಡದೆಂಬ ಕಾನೂನು ಹಿಂದೂದೇಶದಲ್ಲಿ 1843ರಲ್ಲಿ ಆಯಿತು. ಆದರೆ ಕಾಗದದಲ್ಲಿ ಬಿದ್ದ ಕಟ್ಟು ಬಾಳಿನಲ್ಲಿ ಬೀಳುವದಕ್ಕೆ ಬಹುಕಾಲ ಹಿಡಿಯಿತು. ಒಕ್ಕದ ಹೆಸರು ಭೂಮಿಯ ಲೆಕ್ಕದಲ್ಲಿ ನಿಂತಿತು. ಆ ಭೂಮಿಯಲ್ಲಿ ಬಗ್ಗಿ ನಾಟಿ ಮಾಡಿದವಳ ಹೆಸರು ಎಲ್ಲಿಯೂ ನಿಲ್ಲಲಿಲ್ಲ.

ಘಟ್ಟದ ಕೆಳಗೂ ಇದೇ ಸಂಗತಿ. ತುಳುನಾಡಿನಲ್ಲಿ ದುಡಿಯುವ ಜನರು ಮಕ್ಕಳಿಗೆ ಹುಟ್ಟಿದ ವಾರದ ಹೆಸರನ್ನಿಡುತ್ತಿದ್ದರು. ಆದಿತ್ಯವಾರ ಹುಟ್ಟಿದವನು ಐತ, ಸೋಮವಾರದವನು ಚೋಮ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಇವು ನಾಚಿಕೆಪಡತಕ್ಕ ಹೆಸರುಗಳಲ್ಲ. ಏಳು ದಿನಗಳಲ್ಲಿ ಕೆಟ್ಟದ್ದು ಯಾವದೂ ಇಲ್ಲ. ಅವರಿಗೂ ತಮ್ಮ ತಮ್ಮ ಬಳಿಗಳಿದ್ದವು, ಹಿರಿಯರಿದ್ದರು, ಹೇಳುವ ಕಥೆಗಳಿದ್ದವು. ಆದರೆ ಲೆಕ್ಕ ಬರೆಯುವವನು ‘ಚೋಮ’ ಎಂದು ಬರೆದು ಲೇಖನಿಯನ್ನು ಕೆಳಗಿಟ್ಟನು. ಯಾವ ಮನೆಯ ಚೋಮನೆಂದು ಕೇಳಲಿಲ್ಲ. ಕೇಳದೆ ಹೋದದರಿಂದ ಇಂದು ಅವರ ಮರಿಮಕ್ಕಳು ತಮ್ಮ ವಂಶವನ್ನು ಹುಡುಕಹೊರಟರೆ ಮೂರನೆಯ ತಲೆಯಲ್ಲಿಯೇ ದಾರಿಯು ಕಡಿದುಹೋಗುತ್ತದೆ.

ಬಯಲುಸೀಮೆಯಲ್ಲಿ ತಿಪ್ಪಯ್ಯ, ತಿಪ್ಪಮ್ಮ, ಗುಂಡ, ಕಲ್ಲ ಎಂಬ ಹೆಸರುಗಳುಂಟಷ್ಟೇ. ಅನೇಕ ಮನೆಗಳಲ್ಲಿ ಇವು ಅಸಡ್ಡೆಯಿಂದ ಇಟ್ಟವುಗಳಲ್ಲ. ಮೊದಲು ಹುಟ್ಟಿದ ಕೂಸುಗಳನ್ನು ಮಣ್ಣುಮಾಡಿ ಬಂದ ತಾಯಿಯು, ಈ ಒಂದಾದರೂ ಯಾರ ಕಣ್ಣಿಗೂ ಬೀಳದೆ ಉಳಿಯಲೆಂದು, ತಿಪ್ಪೆಯ ಹೆಸರನ್ನು ತನ್ನ ಬಂಗಾರಕ್ಕೆ ಇಟ್ಟಳು. ಇಂಥ ಹೆಸರನ್ನು ಕೇಳಿ ನಗುವವನು ಆ ತಾಯಿಯ ಕಣ್ಣೀರನ್ನು ಕಂಡವನಲ್ಲ.

ಹೀಗಿರಲಾಗಿ, ‘ನಮ್ಮ ಮನೆತನಕ್ಕೆ ಹೆಸರಿದೆ, ನಿಮಗೆ ಇಲ್ಲ’ ಎಂದು ಯಾರೂ ಹೆಚ್ಚಳಪಡಬಾರದು. ಹೆಸರಿಲ್ಲದ ಮನೆಯು ಲೋಕದಲ್ಲಿಲ್ಲ. ಹೆಸರನ್ನು ಬರೆಸಿಕೊಳ್ಳುವ ಅನುಕೂಲವು ಕೆಲವರಿಗಿತ್ತು, ಕೆಲವರಿಗಿರಲಿಲ್ಲ, ವ್ಯತ್ಯಾಸವು ಇಷ್ಟೇ.

6. ಹೊಸ ಹೆಸರೂ ಹಳೇ ಹೆಸರೂ

ಮತಾಂತರವಾದವರು ಹಳೇ ಹೆಸರನ್ನು ಬಿಡಬೇಕೋ ಇಡಬೇಕೋ ಎಂಬ ಪ್ರಶ್ನೆಯು ನಮ್ಮ ಹಳ್ಳಿಗಳಲ್ಲಿ ಪದೇ ಪದೇ ಏಳುತ್ತದೆ. ಕೊಡಗಿನ ಚರಿತ್ರೆಯಲ್ಲಿ ಇದಕ್ಕೆ ಎರಡು ಉದಾಹರಣೆಗಳಿವೆ.

ಮೊದಲನೆಯದು ಅರಮನೆಯದು. ಕೊಡಗಿನ ಕಡೆಯ ಅರಸನಾದ ಚಿಕ್ಕ ವೀರರಾಜೇಂದ್ರನು 1834ರಲ್ಲಿ ರಾಜ್ಯವನ್ನು ಕಳಕೊಂಡು ಕಾಶಿಯಲ್ಲಿದ್ದು, 1852ರಲ್ಲಿ ಮಗಳಾದ ಗೌರಮ್ಮನನ್ನು ಕರಕೊಂಡು ಇಂಗ್ಲೆಂಡಿಗೆ ಹೋದನು. ಅದೇ ವರುಷ ಆ ಹುಡುಗಿಗೆ ದೀಕ್ಷಾಸ್ನಾನವಾದಾಗ ವಿಕ್ಟೋರಿಯ ರಾಣಿಯವರೇ ಧರ್ಮಮಾತೆಯಾಗಿ ನಿಂತು ತಮ್ಮ ಹೆಸರನ್ನು ಕೊಟ್ಟರು. ಆದರೂ ಅವಳು ಬರೀ ವಿಕ್ಟೋರಿಯಳಾಗಲಿಲ್ಲ; ‘ವಿಕ್ಟೋರಿಯ ಗೌರಮ್ಮ’ ಎಂದು ಕರೆಯಲ್ಪಟ್ಟಳು. ರಾಣಿಯ ಹೆಸರು ಬಂದರೂ ತಂದೆಯ ಮನೆಯಲ್ಲಿ ಇಟ್ಟ ಹೆಸರು ಹೋಗಲಿಲ್ಲ. ಅವಳು 1864ರಲ್ಲಿ ಎಳೇ ಪ್ರಾಯದಲ್ಲಿಯೇ ಪರದೇಶದಲ್ಲಿ ತೀರಿಹೋದಳು. ಕೊಡಗನ್ನು ಅವಳು ಕಣ್ಣಾರೆ ಕಾಣದಿದ್ದರೂ ಕೊಡಗಿನ ಗುರುತು ಆ ಕಡೆಯ ಪದದಲ್ಲಿ ಉಳಿದಿತ್ತು.

ಎರಡನೆಯದು ಬೇಸಾಯದ ಮನೆಯದು. ಆಳ್ಮಂಡ ಒಕ್ಕದ ಸೋಮಯ್ಯನೆಂಬ ಕೊಡವನು 1850ರ ದಶಕದ ಆರಂಭದಲ್ಲಿ ಮಂಗಳೂರಿನ ಹೆರ್ಮನ್ ಮೊಗ್ಲಿಂಗರ ಬಳಿಗೆ ಬಂದು ದೀಕ್ಷಾಸ್ನಾನ ಹೊಂದಿದನು. 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲನೆಯ ವರ್ತಮಾನಪತ್ರವನ್ನು ಹೊರಡಿಸಿದವರೇ ಈ ಮೊಗ್ಲಿಂಗರು, 1855ರಲ್ಲಿ ಕೊಡಗಿನ ವಿಷಯವಾಗಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದರು. ಸೋಮಯ್ಯನಿಗೆ ‘ಸ್ತೆಫನ’ ಎಂಬ ಹೊಸ ಹೆಸರು ಬಂತು. ಆದರೆ ದಾಖಲೆಗಳಲ್ಲಿ ಅವನು ‘ಸ್ತೆಫನ ಸೋಮಯ್ಯ’ನಾಗಿಯೇ ಕಾಣುತ್ತಾನೆ; ಅವನ ಮನೆಯೂ ಆಳ್ಮಂಡವೆಂದೇ ಉಳಿಯಿತು. ಹೊಸದು ಹಳೆಯದನ್ನು ತಳ್ಳದೆ ಅದರ ಪಕ್ಕದಲ್ಲಿ ಕೂತುಕೊಂಡಿತು.

ಕರಾವಳಿಯಲ್ಲಿಯೂ ಬಂಗೇರ, ಕುಂದರ್ ಮೊದಲಾದ ಬಳಿಯ ಹೆಸರುಗಳನ್ನು ಇಂದಿನ ವರೆಗೆ ಇಟ್ಟುಕೊಂಡಿರುವ ಪ್ರೊಟೆಸ್ಟಂಟ್ ಕುಟುಂಬಗಳುಂಟು. ಹೊಸ ಹೆಸರನ್ನು ಇಟ್ಟುಕೊಂಡವರು ತಪ್ಪು ಮಾಡಿದರೆಂದು ನಾವು ಹೇಳುವದಿಲ್ಲ. ಹಳೇ ಹೆಸರಿನಲ್ಲಿ ಹೀನಾಯವನ್ನೇ ಉಂಡವರಿಗೆ ಹೊಸದು ಸೆರೆಯಿಂದ ಬಿಡುಗಡೆಯಾದಂತೆ ತೋರಿದ್ದು ಸಹಜವೇ. ಆದರೆ ಹೆಸರನ್ನು ಬದಲಿಸುವದು ಬೇರೆ, ಹಿರಿಯರನ್ನು ಮರೆಯುವದು ಬೇರೆ. ಬದಲಿಸಿದ ಮನೆಯವರು ಮೊದಲು ಯಾವ ಹೆಸರಿತ್ತೆಂದು ಮಕ್ಕಳಿಗೆ ಹೇಳಿಕೊಟ್ಟರೆ ಯಾವ ನಷ್ಟವೂ ಇಲ್ಲ.

7. ನಮ್ಮ ಕಾಲದಲ್ಲಿ ಕಳೆದುಹೋಗುತ್ತಿರುವದು

ಒಕ್ಕದ ಹೆಸರು ಈಗ ಅನೇಕರಲ್ಲಿ ಒಂದೇ ಅಕ್ಷರಕ್ಕೆ ಇಳಿದಿದೆ. ‘ಕೆ. ಎಂ.’ ಎಂಬಲ್ಲಿ ‘ಕೆ.’ ಎಂಬ ಚುಕ್ಕೆಯಿಟ್ಟ ಅಕ್ಷರದೊಳಗೆ ಒಂದು ಐನ್‌ಮನೆಯೇ ಅಡಗಿದೆ. ಪಟ್ಟಣದಲ್ಲಿ ಬೆಳೆದ ಹುಡುಗನು ಅದನ್ನು ಬಿಡಿಸಿ ಹೇಳಲಾರನು. ನಮ್ಮ ಹಳ್ಳಿಗಳಲ್ಲಿಯೂ ಊರಿನ ಹೆಸರು, ತಂದೆಯ ಹೆಸರು ಇವೆಲ್ಲಾ ಅಕ್ಷರಗಳಾಗಿಬಿಟ್ಟಿವೆ. ಶಾಲೆಗೆ ಸೇರಿಸುವಾಗ ಬರೆದ ತಪ್ಪು ಕಾಗುಣಿತವು ಸಾಯುವ ವರೆಗೆ ಬೆನ್ನು ಹತ್ತುತ್ತದೆ.

ಕಾಗದಗಳನ್ನು ನಂಬಿ ಸುಮ್ಮನಿರುವ ಹಾಗೂ ಇಲ್ಲ. 2018ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕೊಡಗಿನ ಮಕ್ಕಂದೂರು, ಕಾಲೂರು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಮಳೆಯಿಂದ ಗುಡ್ಡಗಳು ಜರಿದು ಮನೆಗಳು ಮಣ್ಣುಪಾಲಾದವು. ಉಟ್ಟ ಬಟ್ಟೆಯಲ್ಲಿ ಓಡಿದವರು ಪೆಟ್ಟಿಗೆಯನ್ನು ತೆರೆದು ಪತ್ರಗಳನ್ನು ಹುಡುಕುವದೆಲ್ಲಿ? ಅಂಥ ಮನೆಯಲ್ಲಿ ಹಿರಿಯರ ಹೆಸರುಗಳು ಉಳಿಯಬೇಕಾದರೆ ಯಾರಾದರೊಬ್ಬರ ನೆನಪಿನಲ್ಲಿಯೋ ಬೇರೆ ಊರಿನಲ್ಲಿಟ್ಟ ಪ್ರತಿಯಲ್ಲಿಯೋ ಉಳಿಯಬೇಕು.

ಆದರೂ ಸಂತೋಷದ ಸಂಗತಿಗಳೂ ಇವೆ. 1807ರಲ್ಲಿ ದೊಡ್ಡ ವೀರರಾಜೇಂದ್ರನು ತನ್ನ ಮನೆತನದ ಚರಿತ್ರೆಯನ್ನು ‘ರಾಜೇಂದ್ರನಾಮೆ’ಯಾಗಿ ಕನ್ನಡದಲ್ಲಿ ಬರೆಯಿಸಿದನು. ಅದು ಅರಸನ ಕೆಲಸ. ನಡಿಕೇರಿಯಂಡ ಚಿಣ್ಣಪ್ಪನವರಾದರೋ ಅರಸರಲ್ಲ, ಪೊಲೀಸ್ ಇಲಾಖೆಯಲ್ಲಿ ಕೆಲಸಮಾಡಿದವರು. ಅವರು ಮುದುಕರ ಬಾಯಲ್ಲಿದ್ದ ಹಾಡು, ಗಾದೆ, ಕಟ್ಟಳೆಗಳನ್ನು ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಪುಸ್ತಕವನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕಿಸಿದರು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಅದನ್ನು 2003ರಲ್ಲಿ ಇಂಗ್ಲಿಷಿನಲ್ಲಿ ಹೊರತಂದದ್ದಲ್ಲದೆ, ಊರೂರು ತಿರುಗಿ ಐನ್‌ಮನೆಗಳ ವಿವರವನ್ನೂ ಕೂಡಿಸಿದರು. ಅಜ್ಜನು ಬಿತ್ತಿದ್ದನ್ನು ಮೊಮ್ಮಕ್ಕಳು ಕೊಯ್ದರು. ಮತ್ತು 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಒಕ್ಕಗಳ ನಡುವೆ ಹಾಕಿ ಆಟದ ಪಂದ್ಯವನ್ನು ಪ್ರಾರಂಭಿಸಿದರು. ಮೊದಲ ವರುಷ 60 ಒಕ್ಕಗಳ ತಂಡಗಳು ಬಂದವು. ಇತ್ತೀಚಿನ ವರುಷಗಳಲ್ಲಿ ಮುನ್ನೂರಕ್ಕೂ ಮಿಕ್ಕಿ ಬಂದಿವೆ. ಅಲ್ಲಿ ಅಂಗಿಯ ಬೆನ್ನಿನ ಮೇಲೆ ಒಕ್ಕದ ಹೆಸರು ಪೂರ್ತಿಯಾಗಿ ನಿಲ್ಲುವದರಿಂದ, ಒಂದು ಅಕ್ಷರಕ್ಕೆ ಇಳಿದದ್ದು ತಿರಿಗಿ ಬಾಯಿತುಂಬುವ ಮಾತಾಯಿತು.

8. ಮನೆಯ ಪುಸ್ತಕವನ್ನು ಬರೆಯುವ ಕ್ರಮ

ವಾಚಕರೇ, ಇದನ್ನೆಲ್ಲಾ ಓದಿ ‘ಕೊಡಗಿನವರು ಪುಣ್ಯವಂತರು’ ಎಂದು ಹೇಳಿ ಪತ್ರಿಕೆಯನ್ನು ಮಡಿಸಿಡಬೇಡಿರಿ. ಎರಡಾಣೆಯ ಕಾಲವು ಹೋದರೂ ನೋಟುಪುಸ್ತಕವು ಇಂದಿಗೂ ಬಡವನಿಗೆ ಎಟುಕುವ ವಸ್ತುವೇ. ಒಂದನ್ನು ಕೊಂಡು ಈ ಪ್ರಕಾರ ಮಾಡಿರಿ.

(1) ಮನೆಯಲ್ಲಿಯೋ ಕೇರಿಯಲ್ಲಿಯೋ ಎಲ್ಲರಿಗಿಂತ ಹಿರಿಯರಾದವರ ಬಳಿಗೆ ಮೊದಲು ಹೋಗಿರಿ. ಮುಂದಿನ ಹಬ್ಬಕ್ಕೆ ಕೇಳೋಣವೆಂದು ತಡಮಾಡಬೇಡಿರಿ. ಹಬ್ಬವು ಬರುವದು, ಅವರು ಇರುವರೆಂದು ಹೇಳಲಾರೆವು. ಅಜ್ಜಿಯರನ್ನು ತಪ್ಪದೆ ಕೇಳಿರಿ. ಮದುವೆ, ಹೆರಿಗೆ, ಸಾವುಗಳ ಲೆಕ್ಕವು ಅಜ್ಜಂದಿರಿಗಿಂತ ಅವರಲ್ಲಿಯೇ ಚೆನ್ನಾಗಿರುತ್ತದೆ.

(2) ಆ ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರ ಹೆಸರುಗಳಿಗಾಗಿ ಎಂಟು ಗೆರೆಗಳನ್ನು ಹಾಕಿರಿ. ತಿಳಿದದ್ದನ್ನು ಬರೆಯಿರಿ, ತಿಳಿಯದ್ದಕ್ಕೆ ಜಾಗವನ್ನು ಬಿಡಿರಿ. ಊಹಿಸಿ ತುಂಬಬೇಡಿರಿ. ಸುಳ್ಳು ಹೆಸರಿಗಿಂತ ಖಾಲಿ ಗೆರೆಯು ಮೇಲು.

(3) ಹೆಂಗಸರ ಸ್ವಂತ ಹೆಸರನ್ನೂ ತವರೂರನ್ನೂ ತವರುಮನೆಯನ್ನೂ ಬರೆಯಿರಿ. ‘ಇಂಥವನ ಹೆಂಡತಿ’ ಎಂದು ಬಿಡಬೇಡಿರಿ.

(4) ಎಳೆಯದರಲ್ಲಿ ತೀರಿಹೋದ ಮಕ್ಕಳನ್ನು ಬಿಡಬೇಡಿರಿ. ಅವರನ್ನು ಹೆತ್ತವಳು ಮರೆತಿಲ್ಲ.

(5) ಹುಟ್ಟಿದ ತಾರೀಕು ಹಿರಿಯರಿಗೆ ತಿಳಿಯದಿದ್ದರೆ ದೇಶದ ದೊಡ್ಡ ಸಂಗತಿಗಳನ್ನು ಹಿಡಿದು ಕೇಳಿರಿ: 1918ರ ಇನ್‌ಫ್ಲುಯೆಂಜಾ ಜ್ವರಕ್ಕೆ ಮುಂಚೆಯೋ ಆಮೇಲೆಯೋ? 1924ರ ಕಾವೇರಿಯ ನೆರೆಯ ಕಾಲದಲ್ಲಿಯೋ? ಸ್ವಾತಂತ್ರ್ಯ ಬಂದ 1947ರಲ್ಲಿ ಎಷ್ಟು ಎತ್ತರವಿದ್ದಿರಿ? ಕೊಡಗು ಮೈಸೂರಿಗೆ ಸೇರಿದ 1956ರಲ್ಲಿ ಮದುವೆಯಾಗಿತ್ತೋ? ಹೀಗೆ ಕೇಳಿದರೆ ವರುಷವು ತಾನಾಗಿ ಹತ್ತಿರಕ್ಕೆ ಬರುತ್ತದೆ.

(6) ಬಾಯಿಮಾತನ್ನು ಬರಹದೊಂದಿಗೆ ಹೋಲಿಸಿ ನೋಡಿರಿ. ಸಭೆಯ ದೀಕ್ಷಾಸ್ನಾನ, ಮದುವೆ, ಮರಣಗಳ ದಫ್ತರಗಳು, ಶಾಲೆಯ ದಾಖಲೆ, ಭೂಮಿಯ ಪತ್ರ, ಸಮಾಧಿಯ ಕಲ್ಲು, ಇವೆಲ್ಲಾ ಸಾಕ್ಷಿಗಳೇ.

(7) ನಿಮ್ಮ ಮನೆಯಲ್ಲಿ ದುಡಿದವರ ಹೆಸರನ್ನೂ, ನಿಮ್ಮ ಹಿರಿಯರು ದುಡಿದ ಮನೆಯ ಹೆಸರನ್ನೂ ಬರೆಯಿರಿ. ಬರೆಯುವಾಗ ನಾಚಬೇಡಿರಿ, ಹೆಚ್ಚಳಪಡಲೂ ಬೇಡಿರಿ.

(8) ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಿಡಿರಿ. ಗುಡ್ಡವು ಜರಿದರೂ ಹೊಳೆಯು ಏರಿದರೂ ಒಂದು ಉಳಿಯುವದು.

ಸಾರಾಂಶವೇನಂದರೆ: ಮನೆಯ ಹೆಸರು ಹಿರಿಯರಿಂದ ನಮಗೆ ಬಂದ ಸಾಲ. ಅದನ್ನು ತೋರಿಸಿ ಮೆರೆಯುವದಕ್ಕಲ್ಲ, ಮುಂದಿನವರಿಗೆ ತಿರಿಗಿ ಕೊಡುವದಕ್ಕಾಗಿ ನಾವು ಅದನ್ನು ಇಟ್ಟುಕೊಂಡಿದ್ದೇವೆ. ಹೆಸರು ದೊರೆತವರು ಅದನ್ನು ಪೂರ್ತಿಯಾಗಿ ಉಚ್ಚರಿಸಲಿ. ಹೆಸರನ್ನು ಯಾರೂ ಬರೆಯದೆ ಬಿಟ್ಟ ಮನೆಯವರು ಇಂದೇ ತಾವೇ ಬರೆಯಲಿ. ಮೊದಲನೆಯ ಸಾಲನ್ನು ಯಾರಾದರೊಬ್ಬರು ಬರೆದ ಹೊರತು ಯಾವ ವಂಶಾವಳಿಯೂ ಪ್ರಾರಂಭವಾಗಲಿಲ್ಲ.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ಒಕ್ಕದ ಹೆಸರಿನ ಕೊನೆಯಲ್ಲಿರುವ ‘ಅಂಡ’, ‘ಇರ’ ಎಂಬವುಗಳ ಅರ್ಥವೇನು? ಅದರಿಂದ ನಾವು ಏನನ್ನು ಕಲಿಯುತ್ತೇವೆ?
2. ‘ತಾಮನೆ’ ಎಂದರೇನು? ನಿಮ್ಮ ತಾಯಿಯ ತಾಯಿಯ ತವರೂರು ಯಾವದು?
3. ಗಂಡುಮಕ್ಕಳಿಲ್ಲದ ಮನೆಯ ಹೆಸರನ್ನು ಕೊಡವರು ಹೇಗೆ ಉಳಿಸಿಕೊಂಡರು?
4. ಲೆಕ್ಕ ಬರೆಯುವವನು ‘ಯಾವ ಮನೆಯ ಚೋಮ’ ಎಂದು ಕೇಳದೆ ಹೋದದರಿಂದ ಯಾರಿಗೆ ಯಾವ ನಷ್ಟವಾಯಿತು?
5. ನಿಮ್ಮ ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರಲ್ಲಿ ಎಷ್ಟು ಹೆಸರು ನಿಮಗೆ ಗೊತ್ತು? ಉಳಿದವುಗಳನ್ನು ಹೇಳಬಲ್ಲವರು ಯಾರು, ಅವರನ್ನು ನೀವು ಯಾವ ದಿನ ಕೇಳುವಿರಿ?